ಬೆರಳಿಗೆ ಸಲ್ಲಬೇಕಾದ ಉತ್ತರ

ಶಿರಸಿ ಸೀಮೆಯ ಹುಲಗೋಳದಂತಹ ಊರುಗಳಲ್ಲಿ, ಅಡಕೆ ಸುಲಿದು ಚೊಗರು ಹಿಡಿದ, ದುಡಿದು ಜಡ್ಡುಗಟ್ಟಿದ ಬೆರಳುಗಳಿಂದಲೇ ಇಂದು ಪಹಣಿಯನ್ನೂ ಬೆಳೆವಿಮೆಯ ವಿವರವನ್ನೂ ಪೇಟೆಯ ಧಾರಣೆಯನ್ನೂ ಮೊಬೈಲಿನ ಜಾಲಪುಟಗಳಲ್ಲಿ ಅರಸಬೇಕಾಗಿರುವುದರಿಂದ, ಪರದೆಯ ಗುಂಡಿಯು ಮುಟ್ಟಿದವರಿಗೆ ಒಡನೆಯೇ ಪ್ರತ್ಯುತ್ತರ ಕೊಡುವುದೋ ಇಲ್ಲವೋ ಎಂಬುದನ್ನು ನ್ಯಾಯದ ಪ್ರಶ್ನೆಯೆಂದೇ ನಾನು ಭಾವಿಸುತ್ತೇನೆ.

ಒತ್ತಿದರೆ ತಗ್ಗುವ ಗುಣ ಮೊಬೈಲ್ ಪರದೆಯ ಗಾಜಿಗಿಲ್ಲ. ವಿದ್ಯುತ್ತಿನ ಸೂಕ್ಷ್ಮ ವ್ಯತ್ಯಾಸವನ್ನಳೆದು ಸ್ಪರ್ಶವನ್ನರಿಯುವ ಆ ಪರದೆಯು, ಮಳೆಗಾಲದ ಒದ್ದೆ ಬೆರಳನ್ನು ಎಷ್ಟೋ ಸಲ ತಪ್ಪಾಗಿ ಗ್ರಹಿಸುತ್ತದೆ. ಘಟ್ಟದ ಮೇಲಿನ ದುರ್ಬಲ ಸಿಗ್ನಲ್ಲೂ ಜೊತೆಗೂಡಿದರೆ, ಒತ್ತಿದ್ದು ತಲುಪಿತೋ ಇಲ್ಲವೋ ತಿಳಿಯದೆ ಮತ್ತೆ ಒತ್ತಿದವರು ಒಂದೇ ಅರ್ಜಿಯನ್ನು ಎರಡು ಬಾರಿ ಸಲ್ಲಿಸುವ ಸಂಭವವುಂಟು.

ಫೋನಿನ ಕಂಪನದ ಮೂಲಕ ಉತ್ತರಿಸುವ ವಿಧಾನವನ್ನು, ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು 2015ರಲ್ಲಿಯೇ ಪ್ರಮಾಣೀಕರಿಸಿತಾದರೂ, ಆಂಡ್ರಾಯ್ಡಿನ ಕ್ರೋಮ್ ಅದನ್ನು ಪಾಲಿಸುವಂತೆ ಐಫೋನಿನ ಸಫಾರಿ ಪಾಲಿಸದಿರುವುದರಿಂದ, ಅದೊಂದನ್ನೇ ನೆಚ್ಚಲಾಗದು. ಸರ್ವರಿನ ಉತ್ತರಕ್ಕೆ ಕಾಯದೆ, ಮುಟ್ಟಿದ ಕ್ಷಣವೇ ಗುಂಡಿಯ ವರ್ಣ ಬದಲಾಗಬೇಕು. ಸುಮಾರು 100 ಮಿಲಿಸೆಕೆಂಡಿನೊಳಗೆ ಬಂದ ಉತ್ತರವೇ ಮನಸ್ಸಿಗೆ ತತ್ಕ್ಷಣದ್ದೆನಿಸುತ್ತದೆಂಬುದು ಪರದೆ-ವಿನ್ಯಾಸ ಶಾಸ್ತ್ರದ ಹಳೆಯ ತಿಳಿವಳಿಕೆ. ‘ಕಳುಹಿಸಲಾಗುತ್ತಿದೆ’ ಎಂಬ ಕನ್ನಡದ ಮಾತು ಗುಂಡಿಯ ಮೇಲೆಯೇ ಮೂಡಬೇಕು. ಎರಡನೆಯ ಒತ್ತು ನಿಷ್ಫಲವಾಗಬೇಕು.

ಉತ್ತರದಷ್ಟೇ ಗುಂಡಿಯ ಗಾತ್ರವೂ ಮುಖ್ಯ. ಜಾಲಪುಟಗಳು ಎಲ್ಲರ ಬಳಕೆಗೂ ಎಟಕುವಂತಿರಲೆಂದು ರೂಪಿಸಿದ 2023ರ ಡಬ್ಲ್ಯುಸಿಎಜಿ 2.2 ನಿಯಮಾವಳಿಯು ಗುಂಡಿಗೆ ಕನಿಷ್ಠ 24 ಪಿಕ್ಸೆಲ್ ಅಗಲ-ಎತ್ತರವನ್ನು ವಿಧಿಸಿದೆ. ತೋಟದ ಕೈಗಳಿಗೆ ಅದರ ಕಠಿನತರ ಮಟ್ಟದ 44 ಪಿಕ್ಸೆಲ್ಲೇ ಯುಕ್ತ. ಸರ್ಕಾರವಾಗಲಿ ಸಹಕಾರಿ ಸಂಘಗಳಾಗಲಿ ಜಾಲಪುಟ ಮಾಡಿಸುವಾಗ ಇಷ್ಟನ್ನು ಕರಾರಿನಲ್ಲಿಯೇ ಬರೆಸಲಿ. ಬಿಲ್ಲಿನ ಹಣ ಕೊಡುವ ಮುನ್ನ, ಇಂತಹ ಊರೊಂದರ ಅಂಗಳದಲ್ಲಿ, ಅಗ್ಗದ ಫೋನಿನಲ್ಲಿ, ಬೆಳೆಗಾರರ ಕೈಯಿಂದಲೇ ಪರೀಕ್ಷಿಸಲಿ.