ಬಚ್ಚಲ ಒಲೆಗೆ ಬೀಳುವ ಪ್ಯಾಕೆಟ್

2011ರ ಮಾರ್ಚ್ 1ನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರು ಸುಲಭಕ್ಕೆ ಮರೆಯಲಾರರು. ಗುಟ್ಕಾ, ಪಾನ್ ಮಸಾಲಾ, ತಂಬಾಕನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರಕೂಡದೆಂದು ಸುಪ್ರೀಂ ಕೋರ್ಟ್ 2010ರ ಡಿಸೆಂಬರಿನಲ್ಲಿ ಹೊರಡಿಸಿದ ಆದೇಶ ಜಾರಿಗೆ ಬಂದದ್ದು ಅಂದು. ಪೊಟ್ಟಣ ಹೋದರೆ ಅಡಿಕೆಗೆ ಗಿರಾಕಿ ಎಲ್ಲಿ ಎಂಬ ದಿಗಿಲು ತೋಟದ ಮನೆಗಳಲ್ಲಿತ್ತು. ಆದರೆ ಕಾಗದದ ಪೊಟ್ಟಣ ಬಂತು, ವ್ಯಾಪಾರವೂ ನಡೆಯಿತು. ಅಂಗಡಿಯ ಅದೇ ಸರಳಿನಲ್ಲಿ ಪಕ್ಕಕ್ಕೆ ತೂಗುತ್ತಿದ್ದ ಶಾಂಪೂ ಪ್ಯಾಕೆಟ್ಟಿನ ಮಾಲೆ ಮಾತ್ರ ಇದ್ದಲ್ಲೇ ಇತ್ತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗುಟ್ಕಾ ಪೊಟ್ಟಣದ ನಿಷೇಧವನ್ನು ಮತ್ತೊಮ್ಮೆ ಬರೆದವು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ಚಮಚ, ಕಿವಿ ಕಡ್ಡಿಗಳಿಗೆ ನಿಷೇಧ ಬಿತ್ತು. ಶಾಂಪೂ ಪ್ಯಾಕೆಟ್ ಎರಡು ಸಲವೂ ಪಾರಾಯಿತು.

ಆ ಪ್ಯಾಕೆಟ್ ನಮ್ಮ ಊರುಗಳಲ್ಲಿ ಎಲ್ಲಿಗೆ ಹೋಗುತ್ತದೆ? ಗುಜರಿಯವನು ಬಾಟಲಿ ಒಯ್ಯುತ್ತಾನೆ, ಹಾಲಿನ ಕೊಟ್ಟೆಯನ್ನೂ ಒಯ್ಯುತ್ತಾನೆ, ಇದನ್ನು ಮುಟ್ಟುವುದಿಲ್ಲ. ಪದರದ ಮೇಲೆ ಪದರ ಅಂಟಿಸಿದ ಈ ಹಾಳೆಯನ್ನು ಬಿಡಿಸಿ ಕರಗಿಸುವ ಖರ್ಚು ಅದರಿಂದ ಹುಟ್ಟುವ ಸರಕಿನ ಬೆಲೆಗಿಂತ ಹೆಚ್ಚು. ಹಾಗಾಗಿ ಮಲೆನಾಡಿನ ಮನೆಯಲ್ಲಿ ಅದಕ್ಕೆ ಹತ್ತಿರದ ದಾರಿ ಬಚ್ಚಲ ಒಲೆ. ತಲೆಗೆ ಹಚ್ಚಿಕೊಂಡವರು ಕೈ ಚಾಚಿ ಹಂಡೆಯ ಕೆಳಗಿನ ಬೆಂಕಿಗೆ ಎಸೆಯುತ್ತಾರೆ. ಬಾಗಿಲು ಹಾಕಿದ ಬಚ್ಚಲಲ್ಲಿ ಆ ಹೊಗೆ ಮೀಯುವವರ ಮೂಗಿಗೇ ಬರುತ್ತದೆ. ಬಾಣಂತಿಗೆ ನೀರು ಹಾಕುವುದೂ ಕೂಸಿಗೆ ಎಣ್ಣೆ ತಿಕ್ಕುವುದೂ ಅದೇ ಬಚ್ಚಲಲ್ಲಿ. ಮರುದಿನ ಒಲೆಯ ಬೂದಿ ಗೊಬ್ಬರದ ಗುಂಡಿಗೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಬಯಲಲ್ಲಿ ಬಿಸಾಡಿದ ಪ್ಯಾಕೆಟ್ಟುಗಳನ್ನು ಮಳೆಗಾಲದ ಹಳ್ಳ ಹೊಳೆಗೆ ಒಯ್ಯುತ್ತದೆ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುವ ಅಘನಾಶಿನಿ ಉಂಚಳ್ಳಿಯಲ್ಲಿ ಧುಮುಕಿ ಕುಮಟಾ ಹತ್ತಿರ ಸಮುದ್ರ ಸೇರುತ್ತದೆ. ಆ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿತು. ಅಲ್ಲಿಯ ಕೆಸರಲ್ಲಿ ನಿಂತು ಚಿಪ್ಪಿ ಹೆಕ್ಕುವ ಕುಟುಂಬಗಳಿಗೆ ಘಟ್ಟದ ಮೇಲಿನ ನಾವು ಕಳಿಸುವ ಕಸದ ಮೇಲೆ ಯಾವ ಹಿಡಿತವೂ ಇಲ್ಲ.

ಹಾಗಾದರೆ ಪ್ಯಾಕೆಟ್ ಬಿಟ್ಟು ದೊಡ್ಡ ಬಾಟಲಿ ಕೊಳ್ಳಿ, ದುಡ್ಡು ಉಳಿಯುತ್ತದೆ ಎಂದು ಪಟ್ಟಣದ ಬುದ್ಧಿವಾದ ಬರುತ್ತದೆ. ನಮ್ಮ ದೇಶದಲ್ಲಿ ಅದು ಎಷ್ಟೋ ಸಲ ಸುಳ್ಳು. ಅಗ್ಗದ ಶಾಂಪೂಗಳಲ್ಲಿ ಒಂದೆರಡು ರೂಪಾಯಿಯ ಪ್ಯಾಕೆಟ್ಟೇ ಮಿಲಿಲೀಟರ್ ಲೆಕ್ಕದಲ್ಲಿ ಬಾಟಲಿಗಿಂತ ಸೋವಿ. ಅಂಗಡಿಯಲ್ಲೇ ಎರಡರ ಹಿಂಬದಿ ಓದಿ ಭಾಗಾಕಾರ ಮಾಡಿ ನೋಡಬಹುದು. ತಮಿಳುನಾಡಿನ ಕಡಲೂರಿನಿಂದ ಎದ್ದ ಚಿಕ್ ಶಾಂಪೂ ಹಳ್ಳಿಗಳನ್ನು ಗೆದ್ದದ್ದು ಇಂಥ ಅಗ್ಗದ ಪ್ಯಾಕೆಟ್ಟಿನಿಂದಲೇ. ಕೊನೆಕೊಯ್ಲಿಗೆ ಹೋಗಿ ಬಂದು ಸಂಜೆ ಒಂದು ಪ್ಯಾಕೆಟ್ ಒಯ್ಯುವ ಹೆಂಗಸು ದುಂದು ಮಾಡುತ್ತಿಲ್ಲ. ಆಕೆಯನ್ನು ಪರಿಸರದ ಹೆಸರಲ್ಲಿ ಗದರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಪ್ಯಾಕೆಟ್ ಅಗ್ಗವಾಗಿರುವುದಕ್ಕೆ ಒಂದು ಕಾರಣ, ಅದನ್ನು ವಿಲೇವಾರಿ ಮಾಡುವ ಖರ್ಚು ಅದರ ಬೆಲೆಯಲ್ಲಿ ಸೇರಿಲ್ಲದಿರುವುದು. ಆ ಖರ್ಚನ್ನು ಗ್ರಾಮ ಪಂಚಾಯ್ತಿ ಹೊರುತ್ತದೆ. ಪಂಚಾಯ್ತಿಯ ಕಸದ ಗಾಡಿಯ ಜೊತೆ ದುಡಿಯುವ ಸ್ವಸಹಾಯ ಸಂಘದ ಹೆಂಗಸರು, ಯಾರೂ ಕೊಳ್ಳದ ಈ ಚೂರುಗಳನ್ನು ಆಯ್ದು ಮೂಟೆ ಕಟ್ಟುತ್ತಾರೆ.

ಆದರೂ ಮನೆಯ ಮಟ್ಟಿಗೆ ಲೆಕ್ಕ ಹಾಕಲು ಅಡ್ಡಿಯಿಲ್ಲ. ನಾಲ್ಕು ಜನ, ವಾರಕ್ಕೆ ಎರಡು ತಲೆಸ್ನಾನ, ಸಲಕ್ಕೊಂದು 2 ರೂಪಾಯಿಯ ಪ್ಯಾಕೆಟ್. ವರ್ಷಕ್ಕೆ 416 ಪ್ಯಾಕೆಟ್, 832 ರೂಪಾಯಿ. ಎರಡರಲ್ಲಿ ಒಂದು ಸ್ನಾನ ಸೀಗೆ-ಅಂಟುವಾಳಕ್ಕೆ ತಿರುಗಿದರೂ ಅರ್ಧಕ್ಕರ್ಧ ಇಳಿಯಿತು. ಈ ಸೀಮೆಯಲ್ಲಿ ಸೀಗೆ ಬಳ್ಳಿ ಸೊಪ್ಪಿನ ಬೆಟ್ಟದಲ್ಲೇ ಸಿಗುತ್ತದೆ, ದಾಸವಾಳ ಅಂಗಳದ ಬೇಲಿಯಲ್ಲಿ. ದಾಸವಾಳದ್ದೋ ಮತ್ತಿಯದೋ ಸೊಪ್ಪನ್ನು ನೀರಲ್ಲಿ ಕಿವುಚಿ ಸೋಸಿದರೆ ಲೋಳೆಲೋಳೆಯಾದ ಗೊಂಪು ಸಿದ್ಧ. ಎಣ್ಣೆ ಹಚ್ಚಿದ ತಲೆಯ ಜಿಡ್ಡನ್ನು ಅದು ಮೆತ್ತಗೆ ತೆಗೆಯುತ್ತದೆ. ಅಂಟುವಾಳದ ನೊರೆ ಅದರಲ್ಲಿರುವ ಸಪೋನಿನ್‌ನಿಂದ ಬರುತ್ತದೆ. ರೇಷ್ಮೆ ಸೀರೆಗೂ ಚಿನ್ನದ ಸರಕ್ಕೂ ನಮ್ಮ ಅಜ್ಜಿಯಂದಿರು ಅದನ್ನೇ ನಂಬಿದ್ದರು.

ಇದರಲ್ಲಿ ಕಷ್ಟಗಳಿವೆ, ಮುಚ್ಚಿಡಬಾರದು. ಅಂಟುವಾಳ ಕಣ್ಣಿಗೆ ಹೋದರೆ ಉರಿ. ಕುದಿಸಿಟ್ಟ ರಸ ಎರಡು ಮೂರು ದಿನಕ್ಕೆ ಹುಳಿ ವಾಸನೆ ಹಿಡಿಯುತ್ತದೆ. ಆಷಾಢದ ಜಡಿಮಳೆಯಲ್ಲಿ ಸೀಗೆಪುಡಿ ಗಂಟು ಕಟ್ಟುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಗೊಂಪು ಮಾಡುವ ಕೆಲಸ ಯಾವಾಗಲೂ ಹೆಂಗಸರ ಪಾಲಿನದಾಗಿತ್ತು. ಬೆಳಗಿನ ಬಸ್ಸಿಗೆ ಓಡುವ ಸೊಸೆಗೆ ಸೊಪ್ಪು ಕಿವುಚು ಎಂದು ಹೇಳುವುದು ಅವಳಿಗೆ ಇನ್ನೊಂದು ದುಡಿಮೆ ಹೊರಿಸಿದಂತೆ. ಭಾನುವಾರದ ಗೊಂಪನ್ನು ಗಂಡಸರು ಮಾಡಲಿ. ಬೇಸಿಗೆ ಬಿಸಿಲಲ್ಲಿ ಸೀಗೆಕಾಯಿ ಒಣಗಿಸಿ, ಗಿರಣಿಯಲ್ಲಿ ಪುಡಿ ಮಾಡಿಸಿ, ಗಾಳಿಯಾಡದ ಡಬ್ಬಿಗೆ ತುಂಬುವಷ್ಟಾದರೂ ಅವರಿಂದ ಆಗುತ್ತದೆ.

ಶಾಂಪೂವಿನಷ್ಟೇ ದುಡ್ಡು ಹೋಗುವ ಇನ್ನೊಂದು ದಾರಿ ಚಳಿಗಾಲದ ಕ್ರೀಮು, ತುಟಿಗೆ ಹಚ್ಚುವ ಮುಲಾಮು. ನಮಗೆ ಇಲ್ಲಿ ಮುರುಗಲು ತುಪ್ಪವಿದೆ. ಹಣ್ಣಿನ ಸಿಪ್ಪೆ ಶರಬತ್ತಿಗೆ ಹೋದ ಮೇಲೆ ಉಳಿದ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ತೇಲಿ ಬಂದ ಜಿಡ್ಡನ್ನು ತೆಗೆದು ಆರಿಸಿದರೆ ಗಟ್ಟಿ ಉಂಡೆಯಾಗುತ್ತದೆ. ಸುಮಾರು 40 ಡಿಗ್ರಿ ಬಿಸಿಯಲ್ಲಿ ಕರಗುವ ಜಿಡ್ಡಾದ್ದರಿಂದ ಮನೆಯ ಕಪಾಟಿನಲ್ಲಿ ಗಟ್ಟಿಯಾಗಿಯೇ ಇರುತ್ತದೆ, ಬೆರಳಲ್ಲಿ ತಿಕ್ಕಿದರೆ ಮೆತ್ತಗಾಗುತ್ತದೆ. ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಉಪ್ಪಾಗೆಯ ಬೀಜದಿಂದಲೂ ಹೀಗೇ ತುಪ್ಪ ತೆಗೆದು ನಮ್ಮಲ್ಲಿ ದೋಸೆಗೂ ಹಾಕುತ್ತಿದ್ದರು. ಮುರುಗಲಿನ ಜಿಡ್ಡೇ ಸೌಂದರ್ಯವರ್ಧಕಗಳ ಕಾರ್ಖಾನೆಗಳಲ್ಲಿ ಕೋಕಮ್ ಬಟರ್ ಎಂಬ ಹೆಸರಲ್ಲಿ ಕ್ರೀಮು, ಮುಲಾಮುಗಳಿಗೆ ಸೇರುತ್ತದೆ. ಮುರುಗಲು ಬೆಳೆಯುವ ಊರಿನ ಹುಡುಗಿ ಅದನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಹಲವು ಪಟ್ಟು ಬೆಲೆ ಕೊಟ್ಟು ತರುತ್ತಾಳೆ. ಒಂದು ಉಂಡೆ ಎಲೆಯಲ್ಲೋ ಕಾಗದದಲ್ಲೋ ಸುತ್ತಿ ಬರುತ್ತದೆ, ಚಳಿಗಾಲ ಪೂರ್ತಿ ಸಾಕಾಗುತ್ತದೆ.

ಕೊಳ್ಳಲೇಬೇಕಾದ್ದನ್ನು ಮಳೆಗಾಲದ ಮುಂಚೆ ಜೋಡಿಸಿಡಬಾರದು. ಮಾರಿಕಾಂಬಾ ಜಾತ್ರೆಗೆಂದೋ ಮದುವೆಗೆಂದೋ ತಂದ ಪೌಡರು, ಕಾಡಿಗೆ, ಲಿಪ್‌ಸ್ಟಿಕ್ಕು ನಮ್ಮ ಥಂಡಿಗೆ ಬೂಸಲು ಹಿಡಿದು ಅರ್ಧಕ್ಕೇ ಕಸವಾಗುತ್ತವೆ. ಒಂದು ಮುಗಿದ ಮೇಲೆ ಇನ್ನೊಂದು. ಮೈಗೆ ದ್ರವದ ಸೋಪಿಗಿಂತ ಬಿಲ್ಲೆಯೇ ಲೇಸು. 1918ರಿಂದ ಬರುತ್ತಿರುವ ಮೈಸೂರು ಸ್ಯಾಂಡಲ್ ಬಿಲ್ಲೆಗೆ ರಟ್ಟಿನ ಡಬ್ಬಿ ಸಾಕಾಗಿದೆ. ಒತ್ತುವ ಪಂಪಿನ ಬಾಟಲಿ ಅದರ ಮುಂದೆ ಬರಿಯ ಭಾರ.

ಇಷ್ಟು ಮನೆಯ ಮಾತು. ಮನೆಯ ಹೊರಗೆ ಎರಡು ಕೆಲಸ ಆಗಬೇಕು. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿ ತಂದಿದೆ. ಮಾರಿದ ಪ್ಲಾಸ್ಟಿಕ್ಕಿನ ಜವಾಬ್ದಾರಿ ಕಂಪನಿಗಳದ್ದು ಎಂದು ಅದು ಹೇಳುತ್ತದೆ. ಆದರೆ ಪ್ರಮಾಣಪತ್ರ ಕೊಂಡು ಲೆಕ್ಕ ಒಪ್ಪಿಸಲು ದಾರಿ ಇರುವುದರಿಂದ ಸಿದ್ದಾಪುರದ ಹಳ್ಳಿಯಲ್ಲಿ ಮಾರಿದ ಪ್ಯಾಕೆಟ್ಟನ್ನು ಸಿದ್ದಾಪುರದಿಂದಲೇ ವಾಪಸು ಒಯ್ಯಬೇಕೆಂಬ ಕಟ್ಟುಪಾಡು ಇಲ್ಲ. ಪಂಚಾಯ್ತಿಯ ಒಣಕಸದ ಕೊಠಡಿಯಲ್ಲಿ ತುಂಬಿದ ಮೂಟೆಗಳನ್ನು ಕಂಪನಿ ತನ್ನ ಖರ್ಚಿನಲ್ಲಿ ಎತ್ತಬೇಕು, ಆಯ್ದವರ ಕೂಲಿಯನ್ನೂ ಕೊಡಬೇಕು ಎಂದು ನಮ್ಮ ಶಾಸಕರು, ಸಂಸದರು ಕೇಳಲಿ.

ಇನ್ನೊಂದನ್ನು ನಾವೇ ಮಾಡಿಕೊಳ್ಳಬಹುದು. 1923ರಲ್ಲಿ ಹುಟ್ಟಿದ ಶಿರಸಿಯ ಸಹಕಾರಿ ಸಂಘ ಟಿ.ಎಸ್.ಎಸ್. ನೂರು ವರ್ಷ ಅಡಿಕೆ ಬೆಳೆಗಾರರ ಬೆನ್ನಿಗೆ ನಿಂತಿದೆ, ದೊಡ್ಡ ಸೂಪರ್ ಮಾರ್ಕೆಟ್ಟನ್ನೂ ನಡೆಸುತ್ತಿದೆ. ಅಲ್ಲಿ ಒಂದು ಮೂಲೆಯಲ್ಲಿ ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು, ಮುರುಗಲು ತುಪ್ಪವನ್ನು ತೂಕಕ್ಕೆ ಮಾರಲಿ. ಡಬ್ಬಿ ತಂದವರಿಗೆ ಒಂದೆರಡು ರೂಪಾಯಿ ಕಡಿಮೆ ಮಾಡಲಿ. ಸೀಗೆ ಹೆಕ್ಕುವವರಿಗೆ, ಮುರುಗಲು ಬೀಜ ಒಣಗಿಸುವವರಿಗೆ ಇಂಥ ದರ ಎಂದು ಹಂಗಾಮಿಗೆ ಮುಂಚೆಯೇ ಪ್ರಕಟಿಸಲಿ. ಅಡಿಕೆಯ ಟೆಂಡರ್ ದರ ಬರೆಯುವ ಹಲಗೆಯ ಮೇಲೆ ಅದಕ್ಕೂ ಒಂದು ಸಾಲು ಸಿಗಲಿ.