ಸಸಿ ಹಂಚಿದರೆ ಸಾಲದು, ತಿಳಿದವರನ್ನು ಬಡಾವಣೆಗೆ ಕರೆತನ್ನಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜೂನ್ 5ರ ವಿಶ್ವ ಪರಿಸರ ದಿನ ಬಂತೆಂದರೆ ಮೈಸೂರಿನಲ್ಲಿ ಸಸಿ ನೆಡುವ ಸಮಾರಂಭಗಳಿಗೆ ಬರವಿಲ್ಲ. ಆದರೆ ನೆಡುತ್ತಿರುವ ಸಸಿ ಯಾವುದು, ಈ ನೆಲದ್ದೋ ಹೊರಗಿನದೋ, ಬೆಳೆದ ಮೇಲೆ ಎಷ್ಟು ಅಗಲ ಹರಡುತ್ತದೆ, ಅದರ ಹಣ್ಣಿಗೆ ಯಾವ ಹಕ್ಕಿ ಬರುತ್ತದೆ ಎಂದು ನೆರೆದವರಿಗೆ ಹೇಳಬಲ್ಲವರನ್ನು ಅಲ್ಲಿಗೆ ಕರೆಯುವುದು ಅಪರೂಪ. ಕರೆದರೂ ವಂದನಾರ್ಪಣೆಗೆ ಮುಂಚಿನ ಐದು ನಿಮಿಷ ಅವರ ಪಾಲಿಗೆ. ಈ ಪದ್ಧತಿಗೆ ನನ್ನ ಆಕ್ಷೇಪವಿದೆ.

ನಗರದಲ್ಲಿ ಯಾವ ಗಿಡ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ತೀರ್ಮಾನಿಸುವವರು ಅಧಿಕಾರಿಗಳಷ್ಟೇ ಅಲ್ಲ. ಬಡಾವಣೆಯ ನಿವಾಸಿಗಳ ಸಂಘ, ಅಪಾರ್ಟ್‌ಮೆಂಟ್ ಸಮಿತಿ, ದೇವಸ್ಥಾನದ ಟ್ರಸ್ಟು, ಮಹಿಳಾ ಮಂಡಳಿ, ಬೆಳಗಿನ ವಾಯುವಿಹಾರಿಗಳ ಬಳಗ, ಇವರೆಲ್ಲ ದಿನವೂ ಅದನ್ನು ತೀರ್ಮಾನಿಸುತ್ತಿದ್ದಾರೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೇಲಿಯುದ್ದಕ್ಕೂ ಇದ್ದ ಎಕ್ಕ, ತುಂಬೆ, ಲಕ್ಕಿ ಗಿಡಗಳನ್ನು ಕಳೆಯೆಂದು ಬುಡಸಮೇತ ಕಿತ್ತು ಹುಲ್ಲುಹಾಸು ಹಾಕಿಸಿದರು. ಹಾಕಿಸಿದವರು ಊರಿಗೆ ಒಳ್ಳೆಯದಾಗಲೆಂದೇ ದುಡ್ಡು ಕೂಡಿಸಿದ್ದವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಎಕ್ಕದ ಎಲೆ ತಿಂದು ಬೆಳೆಯುವ ಹುಳುವೇ ಮುಂದೆ ಕಿತ್ತಳೆ ಬಣ್ಣದ, ಕಪ್ಪಂಚಿನ ಚಿಟ್ಟೆಯಾಗುತ್ತದೆ, ತುಂಬೆಯ ಪುಟ್ಟ ಬಿಳಿ ಹೂವಿಗೆ ಜೇನ್ನೊಣ ಮುತ್ತುತ್ತವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಈಗ ಬೇಸಿಗೆಯಲ್ಲಿ ಆ ಹುಲ್ಲಿಗೆ ದಿನಾ ನೀರು ಬಿಡಬೇಕು.

ಮನೆ ಕೈತೋಟಗಳ ಕಥೆಯೂ ಇದೇ. ಕರಿಬೇವು, ನಿಂಬೆಯ ಎಲೆಗಳ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳುಗಳಿರುತ್ತವೆ. ಶತ್ರುವಿನ ಕಣ್ಣಿಗೆ ಬೀಳದಿರಲು ಅವು ಹಾಗಿರುತ್ತವೆ. ಸ್ವಲ್ಪ ದಿನಕ್ಕೆ ಹಸಿರು ಬಣ್ಣಕ್ಕೆ ತಿರುಗಿ, ಕೋಶ ಕಟ್ಟಿ, ದೊಡ್ಡ ರೆಕ್ಕೆಯ ಚಿಟ್ಟೆಗಳಾಗಿ ಹಾರಿಹೋಗುತ್ತವೆ. ಗಿಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ನಾವು ಮಾತ್ರ ಹುಳು ಕಂಡ ದಿನವೇ ಔಷಧಿ ಹೊಡೆಯುತ್ತೇವೆ. ಗುಬ್ಬಚ್ಚಿ ತನ್ನ ಮರಿಗಳಿಗೆ ಕೊಡುವ ಗುಟುಕು ಬಹುಮಟ್ಟಿಗೆ ಇಂಥ ಹುಳುಹುಪ್ಪಟೆಗಳೇ. ಗೋಡೆಗೆ ಗುಬ್ಬಿಗೂಡಿನ ಪೆಟ್ಟಿಗೆ ತೂಗುಹಾಕಿ, ಅದೇ ಅಂಗಳದ ಕರಿಬೇವಿಗೆ ವಿಷ ಸಿಂಪಡಿಸಿದರೆ ಆ ಪೆಟ್ಟಿಗೆಯಲ್ಲಿ ಮರಿ ಬದುಕುವುದು ಹೇಗೆ? ಬಲ್ಲವರೊಬ್ಬರು ಒಂದು ಸಂಜೆ ಆ ಗಿಡದ ಪಕ್ಕದಲ್ಲೇ ನಿಂತು ತೋರಿಸಿದರೆ ಬೀದಿಯ ಹತ್ತು ಮನೆಗಳಲ್ಲಿ ಔಷಧಿ ಡಬ್ಬಿ ಕೆಳಗಿಳಿಯುತ್ತದೆ.

ಯೂಟ್ಯೂಬಿನಲ್ಲಿ ಎಲ್ಲ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ, ಆದರೆ ಯಾವ ಊರಿನದು? ನಮ್ಮದು ಕೆಮ್ಮಣ್ಣು, ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯ ಜಾಗ. ಪಕ್ಕದಲ್ಲೇ ಚಾಮುಂಡಿ ಬೆಟ್ಟದ ಕುರುಚಲು ಕಾಡು, ಒಂದೆರಡು ಗಂಟೆಯ ಹಾದಿಯಲ್ಲಿ ಬಂಡೀಪುರ, ನಾಗರಹೊಳೆ. ಅಲಂಕಾರಕ್ಕೆಂದು ತಂದ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ಇವತ್ತು ಆ ಕಾಡುಗಳಲ್ಲಿ ಹಬ್ಬಿ ಜಿಂಕೆ, ಆನೆಗಳ ಮೇವಿನ ಜಾಗವನ್ನು ನುಂಗುತ್ತಿದೆ. ಹಳದಿ ಹೂವೇ ಬೇಕೆಂದರೆ ನಮ್ಮದೇ ಕಕ್ಕೆ ಇಲ್ಲವೇ? ನರ್ಸರಿಯಲ್ಲಿ ಗಿಡ ಆರಿಸುವವರಿಗೆ ಈ ವಿಷಯ ಗಿಡ ಕೊಳ್ಳುವ ಮೊದಲೇ ತಿಳಿದಿರಬೇಕು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯ 40 ಮರಗಳನ್ನು ಕಡಿದಾಗ ಊರೇ ನೊಂದಿತು, ಜನ ಬೀದಿಗಿಳಿದರು. ಮರ ಉರುಳಿದಾಗ ಹುಟ್ಟುವ ಆ ಕಾಳಜಿ, ಬದಲಿಗೆ ಯಾವ ಸಸಿ ನೆಡಬೇಕೆಂಬ ಪ್ರಶ್ನೆ ಬಂದಾಗಲೂ ಮಾತಾಡುವಂತಾಗಬೇಕು.

ಹೇಳಬಲ್ಲವರಿಗೇನು ಈ ಊರಿನಲ್ಲಿ ಕೊರತೆಯೇ? ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಇದೆ, ಯುವರಾಜ ಕಾಲೇಜಿದೆ. ಕಾರಂಜಿ ಕೆರೆಯ ದಂಡೆಯಲ್ಲಿ 1995ರಿಂದ ಪ್ರಾಕೃತಿಕ ವಿಜ್ಞಾನದ ವಸ್ತುಸಂಗ್ರಹಾಲಯವಿದೆ. ದಶಕಗಳಿಂದ ಕೆರೆಗಳ ಹಕ್ಕಿಗಳನ್ನು ಎಣಿಸುತ್ತ ಬಂದಿರುವ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಬಳಗವಿದೆ. ಮೃಗಾಲಯ ಶಾಲಾ ಮಕ್ಕಳಿಗಾಗಿ ಯೂತ್ ಕ್ಲಬ್ ನಡೆಸುತ್ತಿದೆ, ತುಂಬ ಒಳ್ಳೆಯ ಕೆಲಸ. ಆದರೆ ಮನೆಯಲ್ಲಿ ಮರ ಕಡಿಸುವವರು ದೊಡ್ಡವರು, ಅವರಿಗೆ ಯಾರು ಹೇಳಬೇಕು? ಹಾವು ಕಂಡರೆ ಸ್ನೇಕ್ ಶ್ಯಾಮ್ ಅವರನ್ನು ಕರೆಯಬೇಕೆಂದು ಈ ಊರು ಕಲಿತದ್ದು ಅವರು ಬೀದಿಬೀದಿಗೆ ಬಂದು, ಹಿಡಿದ ಹಾವನ್ನು ತೋರಿಸುತ್ತ ಮಾತಾಡಿದ್ದರಿಂದ. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡಾಗ ಆದ ಗಾಬರಿ ನೆನಪಿರಬಹುದು. ಚಿರತೆಯ ಬಗ್ಗೆ ತಿಳಿಯಬೇಕಾದದ್ದು ಅದು ಬಂದ ದಿನವಲ್ಲ, ಬರುವ ಮುಂಚೆ.

ಬಲ್ಲವರು ಹೀಗೆ ಜನರ ಬಳಿಗೇ ಹೋಗಿ ಹೇಳುವುದಕ್ಕೆ ಮಾದರಿಯನ್ನು ಹೊರಗೆಲ್ಲೂ ಹುಡುಕಬೇಕಿಲ್ಲ. ಹಿಂದೆ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳಿಗೆಂದು ಹಳ್ಳಿಗಳಿಗೆ ಹೋಗಿ, ಜನರೆದುರು ಕನ್ನಡದಲ್ಲಿ ವಿಜ್ಞಾನ ಹೇಳುತ್ತಿದ್ದರು. ಆ ಮಾತುಗಳು ಅಗ್ಗದ ಕಿರುಪುಸ್ತಕಗಳಾಗಿ ಮನೆಮನೆ ಸೇರಿದವು. ಸಸ್ಯಶಾಸ್ತ್ರವನ್ನು ಕಥೆಯಂತೆ ಓದಿಸಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಬಂದ ನಾಡು ಇದು. ಹೀಗಿರುವಾಗ ಗಿಡಮರಗಳ ಬಗ್ಗೆ ಈಗ ನಡೆಯುವ ಎಷ್ಟೋ ಉಪನ್ಯಾಸಗಳು ಸೆಮಿನಾರ್ ಹಾಲಿನೊಳಗೆ, ಇಂಗ್ಲಿಷಿನಲ್ಲಿ, ಮೊದಲೇ ತಿಳಿದವರ ಎದುರಿಗೇ ನಡೆದು ಮುಗಿಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಗರಪಾಲಿಕೆಯೂ ತೋಟಗಾರಿಕೆ ಇಲಾಖೆಯೂ ವಿಶ್ವವಿದ್ಯಾನಿಲಯವೂ ಸೇರಿ ಇಂಥ ಮಾತುಗಾರರದೊಂದು ಪಟ್ಟಿ ಮಾಡಲಿ. ಯಾವ ಸಂಘ ಕೇಳಿದರೂ ಒಬ್ಬರನ್ನು ಕಳಿಸಲಿ, ಬಂದವರಿಗೆ ಗೌರವಧನವನ್ನೂ ಹೋಗಿಬರುವ ಖರ್ಚನ್ನೂ ಕೊಡಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ನೆರವಿನಿಂದ ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಸಿದ್ಧವಾಗಬೇಕು. ಬಡಾವಣೆಗಳಲ್ಲಿ ಇಂಥ ಸಭೆಗಳು ನಡೆದರೆ ಆ ದಾಖಲೆಗೂ ಜೀವ ಬರುತ್ತದೆ. ನಮ್ಮೂರಿನದೇ ಆದ ಈರನಗೆರೆ ಬದನೆಯ ಬೀಜ ಕಾಪಾಡುವ ಬಗೆಯನ್ನು, ಅದನ್ನು ಹಿತ್ತಿಲಲ್ಲಿ ಬೆಳೆಸಿದ ಅಜ್ಜಿಯೊಬ್ಬರು ಎದ್ದುನಿಂತು ಹೇಳಿದರೆ, ಮಾತಾಡಲು ಬಂದ ಪ್ರಾಧ್ಯಾಪಕರೂ ಬರೆದುಕೊಳ್ಳುತ್ತಾರೆ.

ಮೊದಲ ಹೆಜ್ಜೆಗೆ ಹೊಸ ಅನುದಾನವನ್ನೇನೂ ಕಾಯಬೇಕಿಲ್ಲ. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಜನ ತಾವಾಗಿಯೇ ಬರುತ್ತಾರೆ. ಈ ಸಲ ಹೂವಿನ ಮಂಟಪಗಳ ಜೊತೆಗೆ ಒಂದು ಮೂಲೆಯಲ್ಲಿ ಬೆಂಚು ಹಾಕಿಸಿ, ಪ್ರತಿ ಸಂಜೆ ಒಂದು ಗಂಟೆ ನಮ್ಮ ನೆಲದ ಗಿಡ, ಹುಳು, ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಮಾತಾಡಿಸಲು ಸಾಧ್ಯವೇ? ಸಂಬಂಧಪಟ್ಟವರು ನಿಮ್ಮ ಪತ್ರಿಕೆಯ ಮೂಲಕವೇ ಉತ್ತರ ಕೊಡಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗರಲ್ಲೊಬ್ಬರು,
ಕುವೆಂಪುನಗರ, ಮೈಸೂರು