ಹಗಲಲ್ಲಿ ಓಡಾಡುವ ರಕ್ತಪಿಶಾಚಿ

‘ಇದನ್ನ ನೋಡಿ ಹೆದರ್ಕೊಳ್ತಿದ್ರಾ ಆಗಿನ ಜನ?’ ಅಂತ ನಮ್ಮ ಟೀಮಿನ ಹುಡುಗನೊಬ್ಬ ಕಿಸಕ್ಕನೆ ನಕ್ಕ. ಶುಕ್ರವಾರ ಸಂಜೆ, ಮೀಟಿಂಗ್ ರೂಮು, ಪ್ರೊಜೆಕ್ಟರ್, ಪಿಜ್ಜಾ. ಗೋಡೆಯ ಮೇಲೆ ಮುರ್ನೌ ನಿರ್ದೇಶನದ 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ಬೋಳುತಲೆಯ, ಇಲಿಹಲ್ಲಿನ ಕೌಂಟ್ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು, ಢಾಳಾದ ಬಿಸಿಲಲ್ಲಿ ಊರೊಳಗೆ ಟುಕುಟುಕು ಅಂತ ನಡೀತಿದ್ದ. ಎಲ್ಲರೂ ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ.

ಆ ನಗುವಿನ ಮೇಲೇ ಈಗ ನನ್ನ ತಕರಾರು. ನಾವು ನಕ್ಕಿದ್ದು ಮುರ್ನೌನ ಸಿನಿಮಾ ನೋಡಿ ಅಲ್ಲ, ಕಾಪಿಯ ಕಾಪಿಯ ಕಾಪಿ ನೋಡಿ.

ಆಗಿನ ಫಿಲಮ್ಮಿಗೆ ಬೆಳಕು ಸಿಕ್ಕಾಪಟ್ಟೆ ಬೇಕಿತ್ತು. ಹಾಗಾಗಿ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಪ್ರಿಂಟನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಅಂದ್ರೆ ರಾತ್ರಿ. ಇದು ನೋಡುವವರಿಗೂ ಗೊತ್ತಿದ್ದ ಒಪ್ಪಂದ. ಆಮೇಲೆ ಕಪ್ಪುಬಿಳುಪಿನಲ್ಲಿ ನಕಲು ತೆಗೆದವರು ಬಣ್ಣವನ್ನು ಬಿಟ್ಟೇ ಬಿಟ್ಟರು. ನೆಟ್ಟಲ್ಲಿ ಪುಕ್ಕಟೆ ಸಿಗುವ ಎಷ್ಟೋ ಕಾಪಿಗಳು ಆ ವಂಶದವೇ. ರಾತ್ರಿ ಕಳೆದುಹೋಯಿತು, ಪಿಶಾಚಿ ಬಿಸಿಲಿಗೆ ಬಂತು.

ನಮ್ಮೂರ ಬಯಲಾಟದಲ್ಲಿ ರಾಕ್ಷಸನ ಪ್ರವೇಶಕ್ಕೆ ಮುಂಚೆ ಇಬ್ಬರು ತೆರೆ ಹಿಡಿದು ನಿಲ್ತಿದ್ರು. ಆ ಬಟ್ಟೆ ಯಾಕೆ ಅಂತ ಒಂದು ಮಗುವೂ ಕೇಳಲಿಲ್ಲ. ಯಾರಾದರೂ ತೆರೆ ಕಿತ್ತುಹಾಕಿ, ‘ರಾಕ್ಷಸ ಆಗಲೇ ಬಂದು ನಿಂತಿದ್ದಾನಲ್ರೀ, ಎಂಥಾ ಆಟ ಇದು!’ ಅಂದ್ರೆ ತಪ್ಪು ಭಾಗವತರದ್ದಾ?

ಬಣ್ಣ ತಾನೇ, ಹೋದ್ರೆ ಹೋಗ್ಲಿ ಅಂತೀರಾ? ಕತೆಯ ಕೊನೆ ನೋಡಿ. ಬ್ರಾಮ್ ಸ್ಟೋಕರ್‌ನ 1897ರ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡಬಲ್ಲ. ರಕ್ತಪಿಶಾಚಿ ಬಿಸಿಲು ತಾಗಿ ಸಾಯುತ್ತೆ ಅನ್ನೋದು ಈ ಸಿನಿಮಾ ಹುಟ್ಟುಹಾಕಿದ್ದು. ಎಲೆನ್ ಎಂಬ ಹೆಂಗಸು ತನ್ನ ಪ್ರಾಣ ಒತ್ತೆಯಿಟ್ಟು ಅವನನ್ನು ಕೋಳಿ ಕೂಗುವ ತನಕ ಹಾಸಿಗೆಯ ಪಕ್ಕ ಹಿಡಿದಿಟ್ಟುಕೊಳ್ತಾಳೆ. ಬೆಳಗಾಗುತ್ತೆ, ಅವನು ಕರಗಿ ಹೊಗೆಯಾಗ್ತಾನೆ. ಅಷ್ಟು ಹೊತ್ತೂ ಬಿಸಿಲಲ್ಲೇ ತಿರುಗಿದವನು ಈಗ ಬಿಸಿಲಿಗೆ ಯಾಕೆ ಸತ್ತ? ನೀಲಿ ತೆಗೆದರೆ ಅವಳು ಸತ್ತಿದ್ದಕ್ಕೂ ಅರ್ಥ ಇಲ್ಲ.

ವೇಗದ ಕತೆಯೂ ಇದೇ. ಮೂಕಿಚಿತ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮಿಗಿಂತ ನಿಧಾನವಾಗಿ ತೆಗೀತಿದ್ರು. 24ರಲ್ಲಿ ಓಡಿಸಿದರೆ ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳು. ಮುರ್ನೌ ಒಂದು ಕಡೆ ಬೇಕಂತಲೇ ವೇಗ ಹೆಚ್ಚಿಸಿದ್ದಾನೆ. ಓರ್ಲಾಕನ ಗಾಡಿ ಕಾಡಲ್ಲಿ ಬರುವಾಗ ನೆಗೆಟಿವ್ವನ್ನೇ ತೋರಿಸಿ ಮರಗಳನ್ನು ಬೆಳ್ಳಗೆ ಮಾಡಿದ್ದಾನೆ, ಗಾಡಿಯನ್ನು ಮನುಷ್ಯರದ್ದಲ್ಲದ ವೇಗದಲ್ಲಿ ಓಡಿಸಿದ್ದಾನೆ. ಇಡೀ ಸಿನಿಮಾನೇ ದಡಬಡ ಓಡ್ತಿದ್ರೆ ಆ ಗಾಡಿ ವಿಚಿತ್ರ ಅನ್ನಿಸೋದು ಹೇಗೆ? ಅದರ ಮೇಲೆ ನಮ್ಮವರೊಬ್ಬರು ‘ಬೋರು, 1.5ರಲ್ಲಿ ಹಾಕು’ ಅಂದ್ರು!

‘ಕಾಪಿ ಮಾಡಿದ್ದಕ್ಕೇ ತಾನೇ ಉಳಿದಿದ್ದು?’ ಅಂತ ಕೇಳ್ತೀರಿ. ನಿಜ ಕಣ್ರೀ. ಪ್ರಾಣ ಫಿಲ್ಮ್ ಕಂಪನಿ ಕಾದಂಬರಿಯ ಹಕ್ಕು ಕೊಳ್ಳದೆ, ಹೆಸರುಗಳನ್ನಷ್ಟೇ ಬದಲಾಯಿಸಿ ಸಿನಿಮಾ ಮಾಡಿತ್ತು. ಸ್ಟೋಕರ್‌ನ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. 1925ರಲ್ಲಿ ಎಲ್ಲ ಪ್ರಿಂಟುಗಳನ್ನೂ ನಾಶಮಾಡಬೇಕೆಂದು ಆದೇಶವಾಯಿತು. ತಪ್ಪಿಸಿಕೊಂಡ ಪ್ರಿಂಟುಗಳಿಂದಲೇ ಇವತ್ತು ಸಿನಿಮಾ ಇರೋದು. ಕಾಪಿ ಮಾಡಿದವರಿಗೆ ನನ್ನದೂ ಒಂದು ನಮಸ್ಕಾರ. ಆದರೆ ಪ್ಯಾರಿಸ್ಸಿನಲ್ಲಿ ಉಳಿದಿದ್ದ ಬಣ್ಣದ ಪ್ರಿಂಟನ್ನು ಆಧರಿಸಿ, ನೀಲಿ ರಾತ್ರಿಗಳನ್ನು ವಾಪಸ್ ತಂದು, ಒಂದೂವರೆ ಗಂಟೆಯ ಸಿನಿಮಾವನ್ನು ರಿಪೇರಿ ಮಾಡಿಟ್ಟಿದ್ದಾರಲ್ಲ? ಬಗ್ ಫಿಕ್ಸ್ ಆಗಿರೋ ವರ್ಶನ್ ಇದ್ದಾಗ ಹಳೇದನ್ನೇ ಇನ್‌ಸ್ಟಾಲ್ ಮಾಡಿಕೊಂಡು, ಬರೆದವನನ್ನು ಬೈಯೋ ಬಳಕೆದಾರರನ್ನ ಕಂಡ್ರೆ ನಾವೇ ಎಷ್ಟು ಉರೀತೀವಿ!

ರಿಪೇರಿಯಾದ ಡಿವಿಡಿ ತರಿಸಿ ರಾತ್ರಿ ಒಬ್ಬನೇ ಕೂತು ನೋಡಿದೆ. ಮೆಟ್ಟಿಲು ಹತ್ತುವ ಆ ನೆರಳು ಬಂದಾಗ ಎದ್ದು ರೂಮಿನ ಲೈಟು ಹಾಕಿದೆ ಅಂತ ಯಾರಿಗೂ ಹೇಳಿಲ್ಲ. ಮಾರನೇ ದಿನ ಅದನ್ನು ಆ ಹುಡುಗನ ಡೆಸ್ಕಿನ ಮೇಲಿಟ್ಟು ಬಂದೆ. ಎರಡು ವಾರ ಆಯ್ತು. ಅದರ ಮೇಲೆ ಕಾಫಿ ಕಪ್ ಇಡ್ತಿದ್ದಾನೆ.